ಹಿಮ್ಮಡಿ ಒತ್ತಿ ನೋಡುವವನು

ಸೌದಿಯ ಯಾನ್ಬುವಿನಲ್ಲಿದ್ದ ನಮ್ಮ ಕ್ಯಾಂಪಿನ ಮಾಲಿಗೆ ಒಂದು ಅಭ್ಯಾಸವಿತ್ತು. ಸಪಾಟು ನೆಲ ಕಂಡಲ್ಲೆಲ್ಲ ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದ. ಗಟ್ಟಿಯಿದ್ದರೆ "ಕುವೈಸ್" ಎನ್ನುತ್ತಿದ್ದ. ಅರಬಿಯಲ್ಲಿ ಚೆನ್ನಾಗಿದೆ ಎಂದು ಅದರ ಅರ್ಥ. ಮರುಭೂಮಿಯಲ್ಲಿ ಸಪಾಟು ನೆಲಕ್ಕೇನು ಬರ? ಇವನ ಕುವೈಸ್ ಮುಗಿಯುತ್ತಲೇ ಇರಲಿಲ್ಲ. "ಎಂತ ಮಾರಾಯ, ಇಡೀ ಸೌದಿಯನ್ನು ಕ್ರಯಕ್ಕೆ ತಗೊಳ್ತೀಯಾ?" ಎಂದು ನಾನು ಕನ್ನಡದಲ್ಲೇ ರೇಗಿಸುತ್ತಿದ್ದೆ. ಅರ್ಥವಾಗದಿದ್ದರೂ ನಗುತ್ತಿದ್ದ.

ಒಂದು ಶುಕ್ರವಾರ ಬೇವಿನ ಗಿಡಗಳಿಗೆ ನೀರು ಬಿಡುತ್ತ, ಹರಕು ಉರ್ದುವಿನಲ್ಲಿ ತನ್ನೂರಿನ ಸುದ್ದಿ ತೆಗೆದ. ಊರಿರುವುದು ಪಾಪುವಾ ದ್ವೀಪದ ಬೆಟ್ಟಗಳ ಮೇಲೆ. ಗೆಣಸು ಬೇಕಾದಷ್ಟು ಬೆಳೆಯುತ್ತದೆ, ಆದರೆ ಚಾಪೆ ಹಾಸುವಷ್ಟೂ ಸಪಾಟು ನೆಲವಿಲ್ಲ. ಆಸ್ಪತ್ರೆಗೆ ನಾಲ್ಕು ದಿನದ ನಡಿಗೆ.

"ಹೆಂಡತಿಗೆ ಹೆರಿಗೆ ಕಷ್ಟವಾಯಿತು. ಹೊತ್ತುಕೊಂಡು ಹೊರಟೆವು. ಎರಡನೇ ದಿನ ದಾರಿಯಲ್ಲೇ ಮಣ್ಣು ಮಾಡಿ ಹಿಂದೆ ಬಂದೆವು."

ಅಂದಿನಿಂದ ಊರವರು ಗುಡ್ಡದ ನೆತ್ತಿಯನ್ನು ಕಡಿಯುತ್ತಿದ್ದಾರಂತೆ, ಒಂದು ಪುಟ್ಟ ವಿಮಾನ ಇಳಿಯಲೆಂದು. ರೋಲರ್ ಇಲ್ಲ. ಸಾಲಾಗಿ ನಿಂತು, ಹಾಡುತ್ತ, ಕಾಲಿನಿಂದಲೇ ತುಳಿದು ನೆಲ ಗಟ್ಟಿ ಮಾಡುತ್ತಾರಂತೆ.

"ನಮ್ಮೂರಲ್ಲೂ ವಿಮಾನ ಇಳಿಯುವುದು ಗುಡ್ಡದ ಮೇಲೆಯೇ" ಎಂದೆ.

ಅವನು ಪೈಪು ಕೆಳಗಿಟ್ಟ. "ನೀವು ಎಷ್ಟು ಜನ ತುಳಿದಿರಿ?"



ಆ ವರ್ಷ ರಜೆಗೆ ಬಂದು ನಮ್ಮೂರ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಉಳಿದವರೆಲ್ಲ ಪೆಟ್ಟಿಗೆಗಳತ್ತ ಓಡಿದರು. ನಾನು ಅಲ್ಲೇ ನಿಂತು ಶೂ ಬಿಚ್ಚಿದೆ, ಹಿಮ್ಮಡಿ ಒತ್ತಿದೆ. ಕಾದ ಡಾಂಬರು ಚುರುಕ್ಕೆಂದಿತು. ಯಾರಿಗೂ ಕೇಳಿಸದಂತೆ, "ಕುವೈಸ್" ಎಂದೆ.