ಅಕ್ಕ ನೋಡದೆ ಉಳಿದ ಫೈನಲ್

ಬಳಗದ ಎಲ್ಲರಿಗೂ ನಮಸ್ಕಾರ. ಬನ್ನಿಮಂಟಪದ ಬಳಿ ನಾನು ಕಲಿಸುವ ಹುಡುಗಿಯರ ರಗ್ಬಿ ಅಭ್ಯಾಸಕ್ಕೆ ಜಾಗ ಕೊಡಿಸಿದ ಹಿರಿಯರಿಗೆ ನಾನು ಋಣಿ. ಇಂದು ಸಂಜೆ ಇಬ್ಬರು ತಂದೆಯರು ಬಂದು, ಆಟದ ನಡುವೆಯೇ ಮಕ್ಕಳನ್ನು ಕರೆದೊಯ್ದರು. ಮಣ್ಣಿನಲ್ಲಿ ಉಳಿದ ಮೊಟ್ಟೆಯಾಕಾರದ ಚೆಂಡನ್ನು ಎತ್ತಿಕೊಂಡಾಗ ಸರಸ್ವತಿಪುರಂನ ನಮ್ಮ ಹಳೆಯ ಮನೆ ಕಣ್ಣಮುಂದೆ ಬಂತು.

ಅಕ್ಕ ಕಾಲೇಜಿನಲ್ಲಿದ್ದಾಗ ಒಂದು ದಿನ ಟೀವಿಯಲ್ಲಿ ರಗ್ಬಿ ವಿಶ್ವಕಪ್ಪಿನ ಫೈನಲ್. ನಿಗದಿತ ಸಮಯ ಮುಗಿದಾಗ ಇಂಗ್ಲೆಂಡು, ಆಸ್ಟ್ರೇಲಿಯಾ ಸಮಸಮ.

"ಡ್ರಾ ಆಯ್ತು, ಏಳಿ," ಎಂದರು ಕ್ರಿಕೆಟ್ಟನ್ನಷ್ಟೇ ಬಲ್ಲ ಅಪ್ಪಾಜಿ.

"ಇನ್ನೂ ಆಡಿಸ್ತಾರೆ ಅಪ್ಪಾಜಿ. ಹಿಂದೆ ಸೌತ್ ಆಫ್ರಿಕಾದಲ್ಲೂ ಇಂಗೇ ಆಗಿತ್ತಂತೆ," ಎಂದಳು ಅಕ್ಕ.

"ಆಡಿಸ್ಲಿ ಬುಡಮ್ಮ. ಎಣ್ಮಕ್ಕಳಿಗ್ಯಾಕೆ ಈ ಗುದ್ದಾಟ?"

ಟೀವಿ ಆರಿಸಿ, ಮೇಲೆ ಕಸೂತಿ ಬಟ್ಟೆ ಎಳೆಯುವುದು ಅಪ್ಪಾಜಿಯ ಪದ್ಧತಿ. ಎಳೆದರೆ ಮತ್ತೆ ಯಾರೂ ಟೀವಿ ಹಾಕುವಂತಿರಲಿಲ್ಲ; ಅಂದೂ ಎಳೆದರು.

ಹೆಚ್ಚುವರಿ ಆಟದ ಕೊನೆಯ ಗಳಿಗೆಯಲ್ಲಿ ಇಂಗ್ಲೆಂಡಿನ ಆಟಗಾರನೊಬ್ಬ ಚೆಂಡನ್ನು ಕಂಬಗಳ ನಡುವೆ ಒದ್ದು ಗೆಲ್ಲಿಸಿದ್ದನ್ನು ಮರುದಿನ ಪತ್ರಿಕೆಯಲ್ಲಿ ಓದಿದೆವು. ಅಕ್ಕ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಅಪ್ಪಾಜಿ ಕಾಫಿ ಆರಿಸಿಕೊಳ್ಳುತ್ತಲೇ ಇದ್ದರು. ಕಾಲೇಜಿನ ರಗ್ಬಿ ತಂಡಕ್ಕೆ ಸೇರಲು ಅಪ್ಪಣೆ ಕೇಳಬೇಕೆಂದು ವಾರದಿಂದ ಕಾದಿದ್ದವಳು ಪತ್ರಿಕೆ ಮಡಿಸಿಟ್ಟು ಒಳಗೆ ಹೋದಳು. ಕೇಳಲೇ ಇಲ್ಲ. ಆಮೇಲೆ ಬಂದ ಯಾವ ಫೈನಲನ್ನೂ ಅವಳು ನೋಡಲಿಲ್ಲ.

ಇಷ್ಟು ವರ್ಷ ಕಲಿಸಿದ ಮೇಲೂ ಏನು ಬದಲಾಯಿತೆಂದು ನನಗೆ ತಿಳಿಯುತ್ತಿಲ್ಲ. ಆದರೂ ನಾಳೆ ಬೆಳಿಗ್ಗೆ ಆ ಇಬ್ಬರು ಹುಡುಗಿಯರ ಮನೆಗೆ ಹೋಗುತ್ತೇನೆ. ಹೆಣ್ಣುಮಕ್ಕಳ ತಂದೆಯರಾದ ನೀವು ಯಾರಾದರೂ ಜೊತೆಗೆ ಬನ್ನಿ. ನನ್ನ ಮಾತಿಗಿಂತ ನಿಮ್ಮ ಮಾತನ್ನು ಅವರು ಕೇಳಿಯಾರು. ಹೊರಡೋಣ.