ಒಳಗೆ ಜಾಗ ಇದೆ

ತಾನು ತೋಡಿದ ಗುಂಡಿಗೆ ತಾನೇ ಬಿದ್ದವರನ್ನು ಎಲ್ಲ ಊರಿನವರೂ ಕಂಡಿರುತ್ತಾರೆ. ತಾನು ಮುಚ್ಚಿದ ಗುಂಡಿಗೆ ಬಿದ್ದವಳು ಮಾತ್ರ ವುಹಾನಿನ ನಮ್ಮ ವಠಾರದ ತೊಂಗ್ ಹೆಯಿಂಗ್ ಒಬ್ಬಳೇ.

ಕೆಲಸದಲ್ಲಿದ್ದಷ್ಟು ಕಾಲವೂ ಅವಳು ಸಿಟಿ ಬಸ್ಸಿನ ಕಂಡಕ್ಟರ್. "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ಅವಳು ಕೂಗಿದರೆ ಯಾಂಗ್ಸಿ ನದಿಯ ಆಚೆ ದಡದವರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರಂತೆ. ನಿವೃತ್ತಿ ಅವಳಿಗಾಯಿತೇ ಹೊರತು ಗಂಟಲಿಗೆ ಆಗಲಿಲ್ಲ. ಗಂಡ ಶ್ಯಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅವಳು ನೂರು ಮಾತಾಡಿದರೆ ಅವನದು ಒಂದು, ಅದೂ ಬೇಡದ ಹೊತ್ತಿನಲ್ಲಿ.

ಅವರ ಮನೆ ನೆಲ ಅಂತಸ್ತಿನಲ್ಲಿದೆ. ಪ್ಲಮ್ ಹಣ್ಣಾಗುವ ಕಾಲದ ಮಳೆ ಹಿಡಿದರೆ ಬಿಡುವುದಲ್ಲ. ಎರಡು ಸಲ ರಸ್ತೆಯ ನೀರು ನೆಂಟರ ಹಾಗೆ ಹೇಳದೆ ಕೇಳದೆ ಒಳಗೆ ಬಂದು, ತವರಿನಿಂದ ಬಂದ ಕರ್ಪೂರಮರದ ಪೆಟ್ಟಿಗೆಯನ್ನೂ ಅದರೊಳಗೆ ಅಮ್ಮ ಹತ್ತಿ ತುಂಬಿಸಿ ಕೊಟ್ಟಿದ್ದ ರಜಾಯಿಗಳನ್ನೂ ನೆನೆಸಿಹೋಗಿತ್ತು. ಎರಡನೆಯ ಸಲ ರಜಾಯಿಗಳು ಒಣಗಲು ಒಂದು ಬೇಸಿಗೆಯೇ ಬೇಕಾಯಿತು. ಆ ಮುಗ್ಗಲು ವಾಸನೆಗೆ ಮೇಲಿನ ಮನೆಯವರು ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿಯುವಾಗ ಅವಳು ಬಾಗಿಲ ಹಿಂದೆ ನಿಂತು ಅತ್ತಿದ್ದಳು. ಅಂದಿನಿಂದ ಅವಳಿಗಿದ್ದ ಹಟ ಒಂದೇ, ನೀರು ಹೊಸ್ತಿಲು ದಾಟಬಾರದು.

ಹೀಗಿರುವಾಗ ಊರನ್ನೆಲ್ಲ ಸ್ಪಂಜಿನ ಹಾಗೆ ನೀರು ಕುಡಿಯುವಂತೆ ಮಾಡುತ್ತೇವೆಂದು ಸರಕಾರ ಹೊರಟಿತು. ಪ್ರತಿ ಕಟ್ಟಡದ ಮುಂದೆಯೂ ತಗ್ಗಾದ ಗುಂಡಿ ತೋಡಿ, ತಳಕ್ಕೆ ಜಲ್ಲಿ ಮರಳು ಹಾಸಿ, ಮೇಲೆ ಜೊಂಡುಹುಲ್ಲು ನೆಟ್ಟರು. ರಸ್ತೆ ಅಂಚಿನ ಕಲ್ಲುಗಳ ನಡುವೆ ನೀರು ನುಗ್ಗಲು ಕಂಡಿ ಬಿಟ್ಟರು. ಹಳದಿ ಹೆಲ್ಮೆಟ್ಟಿನ ಹುಡುಗಿ, ಇಂಜಿನಿಯರ್ ಯೆನ್, ಎಲ್ಲರನ್ನೂ ಸೇರಿಸಿ, ರಸ್ತೆಯ ನೀರು ಈ ಗುಂಡಿಗೆ ಇಳಿದು ಮೆಲ್ಲಗೆ ಇಂಗುತ್ತದೆ ಎಂದು ವಿವರಿಸಿದಳು. ಉಳಿದವರು ತಲೆಯಾಡಿಸಿದರು. ತೊಂಗ್ ಅಜ್ಜಿ ಮಾತ್ರ, "ಬೀದೀಲಿ ಹೋಗೋ ಮಾರೀನ ಕರೆದು ನನ್ನ ಬಾಗಿಲ ಮುಂದೆ ಕುರ್ಚಿ ಹಾಕ್ತಿದ್ದೀಯಲ್ಲೇ ಮಗಳೇ" ಎಂದಳು.

ನಮ್ಮ ಊರಿನ ಮುದುಕಿಯರಿಗೆ ಒಂದು ಕಾಯಿಲೆ ಇದೆ. ಹಿಡಿ ಮಣ್ಣು ಖಾಲಿ ಕಂಡರೂ ಬೆಳ್ಳುಳ್ಳಿ ಚುಚ್ಚದೆ ಕೈ ಸುಮ್ಮನಿರುವುದಿಲ್ಲ. ಒಳ್ಳೆಯ ಮಣ್ಣಿನಲ್ಲಿ ಹುಲ್ಲು ಬೆಳೆದಿದ್ದನ್ನು ನೋಡಿ ತೊಂಗ್ ಅಜ್ಜಿಯ ಹೊಟ್ಟೆ ಉರಿಯಿತು. ಗುಂಡಿ ಮುಚ್ಚಿದರೆ ನೀರಿನ ಭಯವೂ ಹೋದೀತು, ಅಡುಗೆಗೂ ಆದೀತು ಎಂದುಕೊಂಡಳು. ಮೊಮ್ಮಗನ ತಳ್ಳುಗಾಡಿಯಲ್ಲಿ ಗಂಡನ ಕೈಯಿಂದ ಮಣ್ಣು ಹೊರಿಸಿ, ಹುಲ್ಲು ಕಿತ್ತು, ಗುಂಡಿಯನ್ನು ದಿಬ್ಬ ಮಾಡಿದಳು. ಕಂಡಿಗಳಿಗೆ ಇಲಿಬಿಲಕ್ಕೆ ಜಡಿಯುವಂತೆ ಇಟ್ಟಿಗೆ ಜಡಿದಳು. ಮೇಲೆ ಕೆಂಪು ಹರಿವೆ, ಮೆಣಸು, ಉದ್ದ ಬದನೆ ಬಂದವು. ನಿವಾಸಿಗಳ ಸಮಿತಿಯ ಪೆಂಗ್ ಗದರಿಸಲೆಂದು ಬಂದವನು ಒಂದು ಕಟ್ಟು ಹರಿವೆ ಹಿಡಿದುಕೊಂಡು ಹೋದ. ಆಮೇಲೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವನು ಆಕಾಶ ನೋಡಿಕೊಂಡೇ ನಡೆದ.

ಬದನೆ ಇನ್ನೇನು ಕೀಳಬೇಕು ಎನ್ನುವಾಗ ಮಳೆ ಹಿಡಿಯಿತು. ಬೆಳಿಗ್ಗೆ ಎಳ್ಳಿನ ಗೊಜ್ಜು ಕಲಸಿದ ನೂಡಲ್ಸ್ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಶ್ಯಾ, ನೀರು ಎರಡನೆಯ ಮೆಟ್ಟಿಲು ಹತ್ತಿತು ಎಂದ.

"ನಾನು ಹೇಳ್ಲಿಲ್ವಾ? ಆ ಹುಡುಗಿ ಗುಂಡಿ ತೋಡಿ ಕರೆದಳು, ಬಂತು."

"ಗುಂಡಿ ಎಲ್ಲಿದೆಯೇ? ಬದನೆ ಇದೆ" ಎಂದು ಶ್ಯಾ ನೂಡಲ್ಸ್ ಹೀರಿದ.

ಅವಳ ಕಣ್ಣು ಎದುರು ಕಟ್ಟಡಕ್ಕೆ ಹೋಯಿತು. ಅಲ್ಲಿ ಗುಂಡಿ ಗುಂಡಿಯಾಗಿಯೇ ಇತ್ತು. ಜೊಂಡು ಅರ್ಧ ಮುಳುಗಿತ್ತು. ನೆಲ ಅಂತಸ್ತಿನ ಮುದುಕ ಫಾನ್ ಒಣ ಮೆಟ್ಟಿಲ ಮೇಲೆ ಕೂತು ಸೂರ್ಯಕಾಂತಿ ಬೀಜ ಕಚ್ಚಿ ಉಗಿಯುತ್ತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಗುಂಡಿಗಳನ್ನು ನೋಡಿಕೊಂಡು ಬರುತ್ತಿದ್ದ ಯೆನ್ ಅಷ್ಟರಲ್ಲಿ ಗಂಬೂಟು ಹಾಕಿಕೊಂಡು ಬಂದಳು. ಬದನೆ ನೋಡಿದಳು, ಇಟ್ಟಿಗೆ ನೋಡಿದಳು. ಬೈಯುತ್ತಾಳೆಂದು ಮೇಲಿನ ಕಿಟಕಿಗಳೆಲ್ಲ ತೆರೆದುಕೊಂಡವು. ಅವಳು ಬೈಯಲಿಲ್ಲ.

"ಅಜ್ಜಿ, ನೀರು ಗುಂಡಿಗೆ ಹೋಗೋಕೆ ಬಂದಿತ್ತು. ಅಲ್ಲಿ ಜಾಗ ಕೊಡ್ಲಿಲ್ಲ ನೀವು. ಪಾಪ, ಬಾಗಿಲಲ್ಲೇ ನಿಂತಿದೆ."

ಬಸ್ಸಿನ ಜನ ಬಾಗಿಲಲ್ಲಿ ಏಕೆ ಕಿಕ್ಕಿರಿಯುತ್ತಾರೆ ಎಂದು ತೊಂಗ್ ಅಜ್ಜಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಳಗಿನ ದಾರಿಯಲ್ಲಿ ಯಾರೋ ಒಬ್ಬರು ಗಂಟುಮೂಟೆ ಹರವಿಕೊಂಡು ಕೂತಿರುತ್ತಾರೆ. ಅಂಥವರನ್ನು ಅವಳು ವರ್ಷಗಟ್ಟಲೆ ಬೈದಿದ್ದಳು. ಇವತ್ತು ಆ ಗಂಟುಮೂಟೆ ಅವಳದೇ.

ಅವಳು ಒಮ್ಮೆ ಬದನೆಯ ಕಡೆ, ಒಮ್ಮೆ ಒಳಗಿನ ಪೆಟ್ಟಿಗೆಯ ಕಡೆ ನೋಡಿದಳು. ನೀರು ಹೊಸ್ತಿಲನ್ನು ನೆಕ್ಕುತ್ತಿತ್ತು. ಅವಳು ಗುದ್ದಲಿ ಎತ್ತಿಕೊಂಡು ಮಳೆಗಿಳಿದಳು. ಮೊದಲ ಏಟು ಎಲ್ಲಕ್ಕಿಂತ ಚೆನ್ನಾಗಿ ಕಾಯಿ ಬಿಟ್ಟಿದ್ದ ಗಿಡಕ್ಕೇ ಬಿತ್ತು. ಗಂಡ ಬಟ್ಟಲು ಬಿಸಾಡಿ ಬೋಗುಣಿ ತಂದ, ಯೆನ್ ಬರಿಗೈಯಲ್ಲಿ ಇಟ್ಟಿಗೆ ಕಿತ್ತಳು, ಫಾನ್ ಬೀಜ ಜೇಬಿಗಿಳಿಸಿ ಸನಿಕೆ ತಂದ. ದಿಬ್ಬದ ನಡುವೆ ಕಾಲುವೆ ಬಿತ್ತು, ಜಲ್ಲಿ ಕಂಡಿತು, ನೀರು ಅನುಮಾನಿಸುತ್ತ ಕಂಡಿಯ ಹತ್ತಿರ ಬಂದು ಸುತ್ತತೊಡಗಿತು. ಆಗ ತೊಂಗ್ ಹೆಯಿಂಗ್ ಗುದ್ದಲಿ ಊರಿ ನಿಂತು, ಹಳೆಯ ಗಂಟಲಿನಲ್ಲಿ ಕೂಗಿದಳು.

"ಬಾಗಿಲಲ್ಲಿ ನಿಲ್ಬೇಡಿ, ಒಳಗೆ ನಡೀರಿ, ಒಳಗೆ ಜಾಗ ಇದೆ."

"ಟಿಕೆಟ್ ಆಮೇಲೆ ಕೇಳೇ, ಮೊದಲು ಹತ್ತಿಸ್ಕೋ" ಎಂದ ಶ್ಯಾ.

ಮೇಲಿನ ಕಿಟಕಿಗಳು ಬಿದ್ದು ಬಿದ್ದು ನಕ್ಕವು. ನೀರು ಮಾತು ಕೇಳಿತು. ಹೊಸ್ತಿಲು ಬಿಟ್ಟಿತು, ಎರಡನೆಯ ಮೆಟ್ಟಿಲು ಬಿಟ್ಟಿತು. ತೊಂಗ್ ಅಜ್ಜಿ ಒಳಗೆ ಹೋಗಿ ಪೆಟ್ಟಿಗೆಯ ಅಡಿಗೆ ಕೈಯಾಡಿಸಿದಳು. ಒಣಗಿತ್ತು. ಅದರ ಮೇಲೆ ಕೆಸರು ಮೈಯಲ್ಲೇ ಕೂತು ಮಗುವಿನ ಹಾಗೆ ಅತ್ತಳು. ಬಾಗಿಲಿಗೆ ಬಂದ ಯೆನ್ ಏಕೆಂದು ಕೇಳಿದ್ದಕ್ಕೆ, ಬದನೆ ಹೋಯಿತಲ್ಲ ಎಂದಳು.

ಅಂದು ಮಧ್ಯಾಹ್ನ ಆ ಮನೆಯಲ್ಲಿ ಎಳೆ ಬದನೆಯ ಪಲ್ಯ. ರಾತ್ರಿಯೂ ಅದೇ, ಮರುದಿನವೂ ಅದೇ. ಶ್ಯಾ ಒಂದು ಮಾತೂ ಆಡದೆ ಉಂಡ.