ಕರಿ ಐದು, ಬಿಳಿ ಒಂದು

ನಲವತ್ತೆಂಟನೇ ವಯಸ್ಸಿನಲ್ಲಿ ಕ್ಲಾರಿಯೊನೆಟ್ ಕಲಿಯಲು ಹೊರಟ ನನಗೆ ಮೊದಲು ಹತ್ತಿದ ಚಿಂತೆ ಹಲ್ಲಿನದು. ಮುಂದಿನ ಹಲ್ಲೊಂದು ಕಟ್ಟಿಸಿದ್ದು. ಊದುವಾಗ ಅದು ಕಳಚಿ ವಾದ್ಯದೊಳಗೆ ಹೋದರೆ ಯಾರ ಹತ್ತಿರ ಹೋಗುವುದು, ಹಲ್ಲಿನ ಡಾಕ್ಟರೋ ಸಂಗೀತದ ಮೇಷ್ಟ್ರೋ ಎಂದು ವಾರವಿಡೀ ಯೋಚಿಸಿ, ಆಮೇಲೆ ಸೇರಿದೆ.

ಹೊಸಪೇಟೆಯ ಆ ತರಗತಿ ಬಟ್ಟೆ ಅಂಗಡಿಯೊಂದರ ಮೇಲಿತ್ತು. ಮೇಷ್ಟ್ರು ಸಂಡೂರಿನವರು, ಮದುವೆ ಬ್ಯಾಂಡಿನಲ್ಲಿ ಊದಿ ಕೆನ್ನೆ ಸಡಿಲಾದವರು. ಮೊದಲ ದಿನ ಕೊಳಲು, ಕ್ಲಾರಿಯೊನೆಟ್, ಸ್ಯಾಕ್ಸೋಫೋನುಗಳನ್ನು ಬೆಂಚಿನ ಮೇಲಿಟ್ಟು, ಮೂರೂ ಮರದ ಗಾಳಿವಾದ್ಯಗಳೇ ಎಂದರು. ಹಿತ್ತಾಳೆಯ ಸ್ಯಾಕ್ಸೋಫೋನು ಮರ ಹೇಗಾಯಿತು ಎಂದು ಕೇಳಿದೆ.

“ಮೈ ನೋಡಬ್ಯಾಡ್ರಿ ಮೇಡಂ, ಬಾಯಿ ನೋಡ್ರಿ,” ಎಂದು ತುದಿಗೆ ಬಿಗಿದಿದ್ದ ಜೊಂಡಿನ ತೆಳು ಪಟ್ಟಿ ತೋರಿಸಿದರು.

ಆಮೇಲೆ ಪಾಶ್ಚಾತ್ಯ ಸ್ವರಲಿಪಿ, ಐದು ಗೆರೆಗಳ ಮೇಲೆ ಕೂತ ಕಪ್ಪು ಕಾಳುಗಳನ್ನು ಓದುವ ಪಾಠ. ಸಿ ಇದ್ದಲ್ಲಿ ‘ಸ’, ಡಿ ಇದ್ದಲ್ಲಿ ‘ರಿ’ ಎಂದು ಪೆನ್ಸಿಲಿನಲ್ಲಿ ಕೆಳಗೆ ಬರೆದುಕೊಂಡೆ. ಮೂರು ತಿಂಗಳಲ್ಲಿ ಒಂದು ಭಜನೆ ಪೂರ್ತಿ ಬಂತು.

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ನಮ್ಮದೊಂದು ಹೆಂಗಸರ ಭಜನಾ ಮಂಡಳಿ. ಹಾರ್ಮೋನಿಯಂ ನುಡಿಸುವ ಹಿರಿಯಕ್ಕ ಅದರ ಸರ್ವಾಧಿಕಾರಿ. ನಾನು ವರ್ಷಗಟ್ಟಲೆ ತಾಳ ಬಡಿದವಳು. ಆ ಶನಿವಾರ ವಾದ್ಯ ಹಿಡಿದು ಕೂತೆ. ಅಕ್ಕ ಎಂದಿನಂತೆ ಹಾರ್ಮೋನಿಯಂನ ಮೊದಲ ಬಿಳಿ ಮನೆ, ಅಂದರೆ ‘ಬಿಳಿ ಒಂದ’ರಿಂದ ‘ಸ’ ಹಿಡಿದರು. ನನ್ನ ‘ಸ’ ಅದರ ಜೊತೆ ಹೊಡೆದಾಟಕ್ಕೆ ಬಿತ್ತು.

“ಏನವ್ವಾ, ಡ್ಯಾಂ ಗೇಟ್ ಎತ್ತೋ ಸೈರನ್ ಅಂತ ತಿಳಕೊಂಡೆ. ಬದಿಗಿಟ್ಟು ತಾಳ ಹಿಡಿ,” ಎಂದರು ಅಕ್ಕ.

ಹಿಡಿದೆ. ಕಿವಿ ಕೆಟ್ಟಿದೆಯೋ, ಜೊಂಡಿನ ಪಟ್ಟಿ ಸೀಳಿದೆಯೋ, ರಕ್ತದೊತ್ತಡವೋ ಎಂದು ಎರಡು ದಿನ ಒದ್ದಾಡಿ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕರು.

“ನಿಮ್ದೇನೂ ತಪ್ಪಿಲ್ರಿ. ಈ ವಾದ್ಯದ್ದ ಹಂಗ. ಹಾಳ್ಯಾಗಿನ ಸಿ ಊದಿದ್ರ ಹಾರ್ಮೋನಿಯಂನ ಐದನೇ ಕರಿ ಮನಿ, ಕರಿ ಐದು ಬರ್ತದ. ಬಿಳಿ ಒಂದಕ್ಕಿಂತ ಒಂದು ಸ್ವರ ಕೆಳಗ.”

“ಮೊದ್ಲ ಹೇಳಬಾರದೇನ್ರಿ?”

“ಇಲ್ಲಿ ಎಲ್ಲಾರೂ ಇದನ್ನ ಊದೋರು. ಜಗಳ ಎಲ್ಲಿ ಬರ್ತದ? ಅವರಿಗೆ ಕರಿ ಐದಕ್ಕ ಬರ್ರಿ ಅನ್ರಿ. ಇಲ್ಲಂದ್ರ ನೀವು ಎಲ್ಲಾನೂ ಒಂದು ಸ್ವರ ಮ್ಯಾಲೆ ಬರಕೋರಿ.”

ಅಕ್ಕನನ್ನು ಕೇಳಿದೆ. “ಮೂವತ್ತು ವರ್ಷದ ಬಿಳಿ ಒಂದು ನಿನ್ನ ಪೀಪಿ ಸಲುವಾಗಿ ಬಿಡ್ಲೇನು?” ಎಂದರು.

ಅದೇನೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಂಡಿನಿಂದ ಮನೆಗೆ ವಾಪಸು ಬರುವ ನನಗೆ, ಈ ವಿಷಯದಲ್ಲಿ ಮಾತ್ರ ಹಿಂದೆ ಸರಿಯಬೇಕು ಅನ್ನಿಸಲಿಲ್ಲ. ಭಜನೆಯನ್ನು ಮೊದಲಿನಿಂದ ಬರೆದೆ. ಸಿ ಇದ್ದಲ್ಲೆಲ್ಲ ಡಿ. ಎರಡು ಸ್ವರಗಳಿಗೆ ಅರ್ಧ ಸ್ಥಾನ ಏರಿಸುವ ಗುರುತು. ಬೆರಳುಗಳು ಮತ್ತೆ ಒಂದನೇ ಕ್ಲಾಸಿಗೆ ಹೋದವು. ಒಂದು ತಿಂಗಳು ಹಿಡಿಯಿತು.

ಮತ್ತೊಂದು ಶನಿವಾರ ಅದೇ ಜಾಗದಲ್ಲಿ ಕೂತೆ. ಯಾರನ್ನೂ ಕೇಳಲಿಲ್ಲ. ಅಕ್ಕನ ಬಿಳಿ ಒಂದಕ್ಕೆ ನನ್ನ ಸ್ವರ ಸರಿಯಾಗಿ ಕೂತಿತು. ನಡುವೆ ಒಮ್ಮೆ ಕೀರಲು ಸದ್ದು ಬಂದರೂ ನಿಲ್ಲಿಸಲಿಲ್ಲ. ಹಲ್ಲೂ ಇದ್ದಲ್ಲೇ ಇತ್ತು.

“ಈಗ ಸರಿ ಆತು ನೋಡು,” ಎಂದರು ಅಕ್ಕ. “ಅವತ್ತು ತಪ್ಪು ಊದಿದ್ದಿ.”

“ಅವತ್ತೂ ತಪ್ಪು ಊದಿದ್ದಿಲ್ಲಕ್ಕಾ. ನೀವು ಕರಿ ಐದಕ್ಕ ಬರಲಿಲ್ಲ, ನಾನ ಬಿಳಿ ಒಂದಕ್ಕ ಬಂದೆ.”

ಅಕ್ಕ ತಿದಿ ಒತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ಇರ್ಲಿ. ಮುಂದಿನ ಭಜನಿ ಊದು.”

“ಇದೊಂದ ಬರಕೊಂಡೀನ್ರಿ.”

“ಹಂಗಾದ್ರ ತಾಳ ತಗೋ.”

“ಬ್ಯಾಡ್ರಿ,” ಎಂದೆ. “ಇದನ್ನ ಇನ್ನೊಮ್ಮೆ ಊದ್ತೀನಿ.”